ಊಟದ ಕೋಣೆಯ ಓವನ್

ಆದೋನಿ, ಗುರುವಾರ

ಮಾನ್ಯ ಸಿದ್ದಬಸಪ್ಪನವರಿಗೆ,

ನಿಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಿಂದ ಯಾಮಿನಿಯ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನೀವು ನಕ್ಕುಬಿಡುತ್ತೀರೆಂದು ಬರೆಯುತ್ತಿದ್ದೇನೆ.

ಊಟದ ಕೋಣೆಯ ಹಳೆಯ ಮೈಕ್ರೋವೇವಿನಲ್ಲಿ ಸ್ಟೀಲ್ ಡಬ್ಬಿ ಇಡುವಂತಿರಲಿಲ್ಲ. ಕೆಲಸದ ಹದಿನಾಲ್ಕು ಹೆಂಗಸರೂ ತರುವುದು ಸ್ಟೀಲ್ ಡಬ್ಬಿಯನ್ನೇ. ಅದಕ್ಕೇ ನೀವು ಕನ್ವೆಕ್ಷನ್ ಓವನ್ ಕಳಿಸಿದಿರಿ. ಅದರಲ್ಲಿ ಆರು ಡಬ್ಬಿಗಳು ಒಟ್ಟಿಗೇ ಬಿಸಿಯಾಗುತ್ತವೆ, ರೊಟ್ಟಿಯೂ ತೊಗಲಿನಂತಾಗುವುದಿಲ್ಲ. ಎಲ್ಲರಿಗೂ ಸಂತೋಷವಾಗಿದೆ.

ಆದರೆ ಮೈಕ್ರೋವೇವಿನೊಳಗೆ ಕೆಂಪಗೆ ಕಾಯುವ ಸರಳುಗಳಿರಲಿಲ್ಲ. ಇದರೊಳಗಿವೆ, ಜೊತೆಗೆ ಗಾಳಿ ಎಳೆಯುವ ಫ್ಯಾನೂ ಇದೆ. ಹೆಂಗಸರು ತಲೆಯಲ್ಲಿ, ಸೆರಗಿನಲ್ಲಿ ಅರಳೆಯ ಎಳೆಗಳನ್ನು ಹೊತ್ತೇ ಊಟಕ್ಕೆ ಬರುತ್ತಾರೆ. ನಿನ್ನೆ ಎರ್ರಮ್ಮ ಓವನ್ನಿನ ಬಾಗಿಲು ತೆಗೆದಾಗ ಆಕೆಯ ಸೆರಗಿನಿಂದ ಒಂದು ಎಳೆ ಒಳಗೆ ಹಾರಿ, ಹೊತ್ತಿಕೊಂಡು, ಆರಿತು.

"ಅಯ್ಯ, ಮಿಂಚುಹುಳ ಬಂದೈತಿ ನೋಡ್ರೇ!" ಎಂದು ಆಕೆ ನಕ್ಕಳು.

ಊಟದ ಕೋಣೆಯ ಗೋಡೆಯಾಚೆಗೇ ಅರಳೆಯ ರಾಶಿಯಿದೆ.

ದಯವಿಟ್ಟು ಓವನ್ನನ್ನು ಗೇಟಿನ ವಾಚ್‌ಮನ್ ಕೋಣೆಗೆ ಸಾಗಿಸಲು ಅಪ್ಪಣೆ ಕೊಡಿ. ನಿಮ್ಮನ್ನು ಕೇಳದೆಯೇ ಅದರ ಪ್ಲಗ್ಗನ್ನು ಕತ್ತರಿಸಿ ನನ್ನ ಮೇಜಿನ ಡ್ರಾಯರಿನೊಳಗಿಟ್ಟು ಬೀಗ ಹಾಕಿದ್ದೇನೆ. ಅದು ತಪ್ಪೆಂದು ಗೊತ್ತು. ನೀವು ನನ್ನನ್ನು ಕೆಲಸದಿಂದ ತೆಗೆದರೂ, ನಾನು ಬೀಗದ ಕೈ ಕೊಡುವ ಮೊದಲು ಓವನ್ ಅಲ್ಲಿಂದ ಹೋಗಲಿ.

ಇವತ್ತು ಎಲ್ಲರೂ ತಣ್ಣನೆಯ ಊಟ ಮಾಡಿದರು. "ಬಿಸಿ ಅನ್ನ ಕಸಗೊಂಡ್ರಲ್ರೀ ಯಾಮಿನಮ್ಮ, ನಿಮಗೇನು ಪಾಪ ಮಾಡಿದ್ವಿ?" ಎಂದು ಸರದಿಯ ಮೇಲೆ ಬೈದರು. ಬೈಯುವವರನ್ನು ಎಣಿಸುತ್ತ ಕೂತಿದ್ದೆ. ಹದಿನಾಲ್ಕು ಜನರೂ ಇದ್ದರು.

ನಿಮ್ಮ ಉತ್ತರ ಕಾಯುತ್ತ,
ಯಾಮಿನಿ