ರಕ್ಷಣೆ ಆದ ತಾರೀಕು

1979 ಫೆಬ್ರವರಿ 2, ಶುಕ್ರವಾರ. ಮಧುಗಿರಿ

ಸರ್ಕಾರಿ ಆಸ್ಪತ್ರೆಯಲ್ಲಿ ಎಂದಿನ ಹಾಗೆ ಸಿರಿಂಜು ಕುದಿಸಿದ್ದು, ಮಕ್ಕಳಿಗೆ ಚುಚ್ಚಿದ್ದು, ತಾಯಂದಿರ ಹತ್ತಿರ ಬೈಸಿಕೊಂಡಿದ್ದು. ಒಂದು ಹೆರಿಗೆ — ಹೆಣ್ಣು, ಎರಡೂವರೆ ಕೆಜಿ. ಎರಡೂ ಜೀವ ಚೆನ್ನಾಗಿವೆ.

ಸಂಜೆ ರೂಮಿಗೆ ಬಂದರೆ ಬಾಗಿಲಿಗೆ ಚೀಟಿ. ನಮ್ಮ ಚರ್ಚಿನ ಸಭೆಯ ಪಾಲಕರು, ಯಾಕೋಬಯ್ಯನವರದು. ಭಾನುವಾರ ಹೊರಗಿನಿಂದ ಒಬ್ಬ ಪ್ರಸಂಗಿ ಬರುತ್ತಾರಂತೆ. ಪ್ರತಿಯೊಬ್ಬರೂ ಎದ್ದು ನಿಂತು ಯೇಸುವನ್ನು ನಂಬಿ ತಮಗೆ ಎಂದು ರಕ್ಷಣೆ ಆಯಿತು ಅಂತ ತಾರೀಕು ಸಮೇತ ಸಾಕ್ಷಿ ಹೇಳಬೇಕಂತೆ.

ತಾರೀಕು? ಒಲೆ ಮುಂದೆ ಕೂತು ಯೋಚಿಸಿದೆ. ಸಿಗಲಿಲ್ಲ. ಮುದ್ದೆ ಸೀದುಹೋಯಿತು.

ಫೆಬ್ರವರಿ 4, ಭಾನುವಾರ

ಮೈಯೆಲ್ಲ ಉರಿಯುತ್ತಿದೆ.

ಮೊದಲು ಅಡವಯ್ಯ ಎದ್ದರು. ಸಭೆಯ ಹಿರಿಯರು. ಈ ಚರ್ಚ್ ಕಾಂಪೌಂಡಿನ ರೂಮುಗಳೆಲ್ಲ ಅವರ ಉಸ್ತುವಾರಿ — ನನ್ನದೂ. "ಅರವತ್ತಾರನೇ ಇಸವಿ, ಡಿಸೆಂಬರ್ ಹನ್ನೊಂದು, ಸಾಯಂಕಾಲ ನಾಲ್ಕು ಗಂಟೆ." ಎಲ್ಲರೂ ಹಲ್ಲೆಲೂಯ ಅಂದರು. ಆಮೇಲೆ ನನ್ನ ಸರದಿ.

"ತಾರೀಕು ಗೊತ್ತಿಲ್ಲ," ಅಂದೆ.

"ಅಂದಾಜು?" ಪ್ರಸಂಗಿ ಕೇಳಿದರು.

"ಅಂದಾಜೂ ಇಲ್ಲ. ನಂಬಿದೀನಿ. ಯಾವಾಗಿಂದ ಅಂತ ಗೊತ್ತಿಲ್ಲ."

"ಹುಟ್ಟಿದ ದಿನ ಗೊತ್ತಿಲ್ಲ ಅಂದ್ರೆ ಹುಟ್ಟೇ ಇಲ್ಲ ಅಂತ ಅರ್ಥ, ಸಿಸ್ಟರ್."

ನಗಬಾರದಿತ್ತು. ನಕ್ಕೆ. "ನಮ್ ಕೇರೀಲಿ ಯಾರಿಗೂ ಹುಟ್ಟಿದ ದಿನ ಗೊತ್ತಿಲ್ಲ ಸಾರ್. ಎಲ್ರೂ ಹುಟ್ಟೇ ಅವ್ರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಸಂಗಿಯ ಮುಖ ಕೆಂಪಾಯಿತು. ಹೆಸರು ಕೇಳಿದರು. ಈಶ್ವರಮ್ಮ ಅಂದೆ. ಅದನ್ನೂ ಬದಲಾಯಿಸಿಲ್ಲವಾ ಅಂದರು. "ಯೇಸುಸ್ವಾಮಿ ನನ್ನ ಕರೆದಾಗ ಇದೇ ಹೆಸರಿತ್ತು. ಅವನಿಗೆ ಅಡ್ಡಿಯಾಗಲಿಲ್ಲ," ಅಂದೆ.

ತೀರ್ಪು: ತಾರೀಕು ಸಿಗುವವರೆಗೆ ಸಂಡೇ ಸ್ಕೂಲ್ ಮಕ್ಕಳಿಗೆ ನಾನು ಪಾಠ ಹೇಳಕೂಡದು.

ಫೆಬ್ರವರಿ 6, ಮಂಗಳವಾರ

ಯಾಕೋಬಯ್ಯನವರು ಬಂದಿದ್ದರು. ಒಳ್ಳೆಯ ಮನುಷ್ಯ. ಪುಕ್ಕಲ.

"ಒಂದು ತಾರೀಕು ಹೇಳ್ಬಿಡಿ ಸಿಸ್ಟರ್. ಯಾವುದಾದ್ರೂ. ಮಕ್ಕಳು ನಿಮ್ಮನ್ನೇ ಕೇಳ್ತಾವೆ."

"ರಕ್ಷಣೆ ಆಗಿದೆ ಅಂತ ತೋರ್ಸೋಕೆ ಸುಳ್ಳು ಹೇಳ್ಲಾ ಅಯ್ನೋರೇ?"

ಕಾಫಿ ಅರ್ಧಕ್ಕೇ ಬಿಟ್ಟು ಹೋದರು.

ಫೆಬ್ರವರಿ 13, ಮಂಗಳವಾರ

ಇವತ್ತಿನದನ್ನು ಬರೆಯಲೇಬೇಕು.

ಆಸ್ಪತ್ರೆ ಜಗುಲಿ ಮೇಲೆ ಒಬ್ಬ ಮುದುಕಿ. ಮುಸುಕು. ಅಂಗೈ ಬೆಂದು ಕೀವಾಗಿದೆ. "ಕಾದ ಪಾತ್ರೆ ಎತ್ತಿದೆ, ಬಿಸಿ ಅಂತಾನೇ ಗೊತ್ತಾಗ್ಲಿಲ್ಲ ಕಣಮ್ಮಾ" ಅಂದಳು. ದನಿ ಕೇಳಿದ ತಕ್ಷಣ ಗೊತ್ತಾಯಿತು. ತಿರುಮಣಿಯ ಮಾರಕ್ಕ. ನನ್ನ ಗಂಡ ಬೈಲಪ್ಪನ ತಾಯಿ.

ಎಪ್ಪತ್ತೊಂದರಲ್ಲಿ ನಾನು ದೀಕ್ಷಾಸ್ನಾನ ತೆಗೆದುಕೊಂಡ ಮೂರನೇ ತಿಂಗಳಿಗೆ ಗಂಡ ಜ್ವರದಲ್ಲಿ ತೀರಿಕೊಂಡರು. ನಿನ್ನ ಹೊಸ ದೇವರು ನನ್ನ ಮಗನನ್ನು ತಿಂದ ಅಂತ ಈಕೆ ನನ್ನ ಟ್ರಂಕು ಬೀದಿಗೆ ಎಸೆದಳು. ಬಾಗಿಲು ಹಾಕಿದಳು. ಗಂಡನ ಮುಖ ನೋಡಲು ಬಿಡಲಿಲ್ಲ.

ಬೆನ್ನ ಮೇಲೆ ಮಚ್ಚೆಗಳು. ಕಣ್ಣು ಮುಚ್ಚಿಸಿ ಪಿನ್ನಿನಿಂದ ಚುಚ್ಚಿ ನೋಡಿದೆ. ನಾಲ್ಕು ಸಲ ಚುಚ್ಚಿದ ಮೇಲೆ ಕೇಳಿದಳು, "ಯಾವಾಗ ಚುಚ್ತೀಯೇ?"

ಕುಷ್ಠ. ಡಾಕ್ಟರೂ ಅದೇ ಅಂದರು.

ಐದನೇ ಸಲ ಬೇಕಾದ್ದಕ್ಕಿಂತ ಜೋರಾಗಿ ಚುಚ್ಚಿದೆ. ಇದನ್ನೂ ಬರೆದಿಡುತ್ತೇನೆ.

ಆಮೇಲೆ ಅವಳೂ ಗುರುತು ಹಿಡಿದಳು. ಮಾತ್ರೆ ಕೊಟ್ಟೆ. ತಿಂಗಳು ಬಿಟ್ಟು ಬರಬೇಕು ಅಂದೆ. ಕಳಿಸಿದೆ.

ಫೆಬ್ರವರಿ 14, ಬುಧವಾರ. ಬೆಳಿಗ್ಗೆ 7

ನಂಬಿದ್ದೇನೆ ಅಂತ ಸಭೆಯ ಮುಂದೆ ಎದೆಯುಬ್ಬಿಸಿದವಳು ನಾನೇ ಅಲ್ಲವೇ. ಏನನ್ನು ನಂಬಿದ್ದೇನೆ? ನನ್ನನ್ನು ಬೀದಿಯಿಂದ ಎತ್ತಿಕೊಂಡವನನ್ನು. ಹಾಗಿದ್ದರೆ...

ಬಸ್ ಸ್ಟ್ಯಾಂಡಿಗೆ ಹೋಗಿ, ಅವಳಿಗೆ ಬಸ್ಸು ಸಿಕ್ಕಿತಾ ನೋಡಿ ಬರುತ್ತೇನೆ.

ಅದೇ ದಿನ, ಮಧ್ಯಾಹ್ನ

ಅಲ್ಲೇ ಇದ್ದಳು. ಗೋಡೆ ಪಕ್ಕ. ಕಿರಿಯ ಮಗ ಮಧುಗಿರಿಗೆ ಬಿಟ್ಟು ಹೋದವನು ಮತ್ತೆ ಬಂದಿಲ್ಲ. ಕಂಡಕ್ಟರು ಬಸ್ಸು ಹತ್ತಿಸಲಿಲ್ಲ.

"ನೋಡಿ ನಗಾಕೆ ಬಂದ್ಯಾ?" ಅಂದಳು.

"ಹೂಂ. ಎದ್ದೇಳು. ಮನೇಲಿ ಕೂತು ನಗ್ತೀನಿ."

ಕ್ಷಮಿಸಿಲ್ಲ. ಕರೆದುಕೊಂಡು ಬಂದಿದ್ದೇನೆ, ಅಷ್ಟೇ.

ಫೆಬ್ರವರಿ 17, ಶನಿವಾರ

ದಿನಕ್ಕೆ ಎರಡು ಸಲ ಕೈ ತೊಳೆದು ಕಟ್ಟುತ್ತೇನೆ. ಸಾರಿಗೆ ಉಪ್ಪಿಲ್ಲ ಅಂತಾಳೆ. ಚಾಪೆ ಚುಚ್ಚುತ್ತೆ ಅಂತಾಳೆ. ಪಿನ್ನು ಚುಚ್ಚಿದ್ದು ಗೊತ್ತಾಗಲಿಲ್ಲ, ಚಾಪೆ ಗೊತ್ತಾಗುತ್ತಾ ಅಂದೆ. ಇಬ್ಬರಿಗೂ ನಗು ಬಂತು. ನನಗೇ ನನ್ನ ಮೇಲೆ ಸಿಟ್ಟು ಬಂತು.

"ಲೇ ಈಸ್ವರಿ, ನಾನೂ ನಿನ್ ದೇವ್ರಿಗೆ ಸೇರ್ಕಬೇಕಾ, ಇಲ್ಲಿ ಉಣ್ಬೇಕಂದ್ರೆ?"

"ಬೇಡ. ಉಣ್ಣು."

ಉಂಡ ಮೇಲೆ ಕೈ ಕಟ್ಟಿಸಿಕೊಳ್ಳುವಾಗ ಹೇಳಿದಳು. "ಬೈಲ ಸಾಯೋವಾಗ ನಿನ್ನೇ ಕರದ. ಎಲ್ಡು ಸಲ ಕರದ. ನಾನೇ ಬಾಗ್ಲು ತಗೀನಿಲ್ಲ."

ಬಟ್ಟೆ ಅರ್ಧ ಸುತ್ತಿದ್ದೆ. ಬಿಟ್ಟು ಹೊರಗೆ ಹೋದೆ. ಬೇವಿನ ಮರದ ಕೆಳಗೆ ಎಷ್ಟು ಹೊತ್ತು ನಿಂತೆನೋ. ಬೈದೆ. ಅವಳನ್ನು, ಆಮೇಲೆ ಸ್ವಾಮಿಯನ್ನು. ಅತ್ತೆ. ವಾಪಸ್ ಬಂದೆ. ಅವಳು ಹಾಗೇ ಕೈ ಚಾಚಿಕೊಂಡು ಕೂತಿದ್ದಳು.

ಕ್ಷಮಿಸಿದೆ ಅಂತ ಬರೆಯಲಾರೆ. ಕಟ್ಟಿ ಮುಗಿಸಿದೆ ಅಂತ ಬರೆಯಬಲ್ಲೆ.

ಫೆಬ್ರವರಿ 20, ಮಂಗಳವಾರ

ಅಡವಯ್ಯ ಬಂದರು. ಬಾಗಿಲ ಆಚೆಯೇ ನಿಂತರು, ಮೂಗಿಗೆ ಟವಲ್. ಹಿಂದೆ ಯಾಕೋಬಯ್ಯನವರು, ತಲೆ ತಗ್ಗಿಸಿಕೊಂಡು.

"ಕಾಂಪೌಂಡಲ್ಲಿ ಮಕ್ಕಳಿದಾರೆ ಸಿಸ್ಟರ್. ಆಯಮ್ಮನ್ನ ಕಳ್ಸಿ, ಇಲ್ಲಾ ನೀವೂ ಖಾಲಿ ಮಾಡಿ."

"ಮಾತ್ರೆ ನುಂಗ್ತಿದಾಳೆ. ಡಾಕ್ಟರ್ ಭಯ ಇಲ್ಲ ಅಂದಿದಾರೆ. ನಾನು ನರ್ಸು, ನಂಗೂ ಗೊತ್ತು."

"ಪುಣ್ಯದ ಕೆಲಸ ಮಾಡಿ ಪರಲೋಕ ಗಿಟ್ಟಿಸ್ಕೊಳಕ್ಕಾಗಲ್ಲ. ನಂಬಿಕೆಯಿಂದ ಮಾತ್ರ ರಕ್ಷಣೆ. ಇಷ್ಟೂ ಗೊತ್ತಿಲ್ವಾ?"

"ಗಿಟ್ಟಿಸ್ಕೊಳಕ್ಕಲ್ಲ ಅಡವಯ್ಯನೋರೇ. ಆಗ್ಲೇ ಸಿಕ್ಕಿರೋದಕ್ಕೆ ಮಾಡ್ತಿದೀನಿ."

ಭಾನುವಾರದವರೆಗೆ ಗಡುವು.

ಫೆಬ್ರವರಿ 25, ಭಾನುವಾರ

ಮಾರಕ್ಕನನ್ನು ಹೊರಗೆ ಮರದ ಕೆಳಗೆ ಕೂರಿಸಿ ಒಳಗೆ ಹೋದೆ. ಪ್ರಸಂಗಿ ಮತ್ತೆ ಬಂದಿದ್ದರು. ತಾರೀಕು ಸಿಕ್ಕಿತಾ ಅಂತ ಕೇಳಿಯೇ ಬಿಟ್ಟರು.

ಎದ್ದೆ.

"ಸಿಗ್ಲಿಲ್ಲ. ಹುಡುಕೋದೂ ಇಲ್ಲ. ಹೊರಗೆ ಕೂತಿದಾಳಲ್ಲ, ಅವಳನ್ನ ಎಂಟು ವರ್ಷ ದ್ವೇಷ ಮಾಡಿದೀನಿ. ಇವತ್ತು ಬೆಳಿಗ್ಗೇನೂ ಮಾಡ್ದೆ. ಆದ್ರೂ ಅವಳ ಕೈ ತೊಳೆದು ಬಂದೆ. ನನ್ನ ಗುಣ ನಂಗೆ ಗೊತ್ತು, ಇದು ನನ್ನ ಕೈಲಾಗೋ ಕೆಲಸ ಅಲ್ಲ. ಯಾರು ಮಾಡಿಸ್ತಿದಾನೋ ಅವನನ್ನ ನಂಬಿದೀನಿ. ನನ್ನ ಹತ್ರ ಇರೋ ಸಾಕ್ಷಿ ಇಷ್ಟೇ. ನಿಮಗೆ ಸಾಲದಿದ್ರೆ ನಿಮ್ಮ ಪುಸ್ತಕದಿಂದ ಹೆಸರು ಹೊಡೆದು ಹಾಕಿ. ಅವನ ಪುಸ್ತಕ ನಿಮ್ಮ ಕೈಲಿಲ್ಲ."

ಯಾರೂ ಹಲ್ಲೆಲೂಯ ಅನ್ನಲಿಲ್ಲ. ಆಮೇಲೆ ಒಂದೇ ಒಂದು ದನಿ, "ಆಮೆನ್."

ಯಾಕೋಬಯ್ಯನವರು. ಬಿಳಚಿಕೊಂಡಿದ್ದರು. ಅಡವಯ್ಯನ ಕಡೆ ನೋಡಿ ಇನ್ನೊಂದು ಸಲ ಅಂದರು, ಗಟ್ಟಿಯಾಗಿ.

ಮಾರ್ಚ್ 5, ಸೋಮವಾರ

ರೂಮು ಮಾತ್ರ ಉಳಿಯಲಿಲ್ಲ. ಅಡವಯ್ಯನ ಮುಂದೆ ಯಾಕೋಬಯ್ಯನವರ ಮಾತು ನಡೆಯಲಿಲ್ಲ. ಸಿರಾದ ಆಚೆ, ಗೌಡಗೆರೆ ಕಡೆಗೆ ಯಾರೂ ಹೋಗಲೊಲ್ಲದ ಪೋಸ್ಟಿಂಗ್ ಒಂದು ಖಾಲಿ ಇತ್ತು. ಕ್ವಾರ್ಟರ್ಸ್ ಇದೆ. ಕೇಳಿದೆ. ಕೇಳಿದ ಕೂಡಲೇ ಕೊಟ್ಟರು.

ಸಾಮಾನು ಕಟ್ಟಿಕೊಟ್ಟವರು ಯಾಕೋಬಯ್ಯನವರೇ. ಮಾರಕ್ಕನ ಹಾಸಿಗೆಯನ್ನೂ ಅವರೇ ಹೊತ್ತರು, ಬೀದಿಯುದ್ದಕ್ಕೂ, ಎಲ್ಲರೂ ನೋಡುವ ಹಾಗೆ.

ಏಪ್ರಿಲ್ 9, ಸೋಮವಾರ. ಗೌಡಗೆರೆ

ಮಾರಕ್ಕನ ಕೈಯ ಗಾಯ ಮಾಗಿದೆ. ಬೆರಳು ಎರಡು ಮಡಚಿಕೊಂಡೇ ಉಳಿಯುತ್ತವೆ, ಏನೂ ಮಾಡುವ ಹಾಗಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಇವತ್ತು ಬೆಳಿಗ್ಗೆ ಹುಣಿಸೆಹಣ್ಣಿನ ವಿಷಯಕ್ಕೆ ಜಗಳ. ನಾನೂ ಬಿಡಲಿಲ್ಲ. ಪ್ರಾರ್ಥನೆಗೆ ಕೂತಾಗ ಇನ್ನೂ ಸಿಟ್ಟಿತ್ತು, ಸಿಟ್ಟಿನಲ್ಲೇ ಅವಳ ಹೆಸರೂ ಹೇಳಿದೆ.

ಹೊರಗೆ ಯಾರೋ ಬಂದಿದ್ದಾರೆ. ಮೂವರು. ಮುಸುಕು ಹಾಕಿಕೊಂಡು ಬೇಲಿಯ ಆಚೆಯೇ ನಿಂತಿದ್ದಾರೆ. ಮಾರಕ್ಕ ಅವರಿಗೆ ಹೇಳುವುದು ಇಲ್ಲಿಗೆ ಕೇಳಿಸುತ್ತಿದೆ:

"ಒಳಕ್ಕೆ ಬರ್ರಪ್ಪಾ, ಹೆದರ್ಕಬ್ಯಾಡಿ. ನನ್ ಸೊಸೆ. ಬೈತಾಳೆ. ಆದ್ರೆ ಮುಟ್ತಾಳೆ."

ನೀರು ಕುದಿಯುತ್ತಿದೆ. ಹತ್ತಿ ಎಲ್ಲಿಟ್ಟೆ —