ಹೊರಗಿನಿಂದ ಒಂದು ತಟ್ಟು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಕ್ಕಲಿಯ ನಮಸ್ಕಾರ. ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೇನೂ ಬರೆಯಲು ಕೈ ಓಡುವುದಿಲ್ಲ. ಕನಸಿನಲ್ಲಿ ನಾನು ವಿಮಾನದ ರೆಕ್ಕೆಯ ಒಳಗೆ ಮಲಗಿದ್ದೇನೆ. ಹೊರಗಿನಿಂದ ಯಾರೋ ರಿವೆಟ್ ಹೊಡೆಯುತ್ತಿದ್ದಾರೆ. ನೀನೇ ಅಂದುಕೊಂಡು ನಾನು ಒಳಗಿನಿಂದ ಉಕ್ಕಿನ ಗಟ್ಟಿ ಒತ್ತಿ ಹಿಡಿದಿದ್ದೇನೆ. ತಗಡಿನ ಖಾಲಿ ತೂತುಗಳಿಂದ ಸೂಜಿ ಸೂಜಿಯಾಗಿ ಬೆಳಕು ಬರುತ್ತದಲ್ಲ, ಅದು ಒಂದೊಂದಾಗಿ ಆರುತ್ತಾ ಬಂತು. ಆಮೇಲೆ ತಿರುಗಿ ನೋಡಿದರೆ ನಾನು ತೂರಿ ಬಂದ ಕಿಂಡಿಗೂ ತಗಡು ಕೂತಿದೆ. ಮೂರು ತಟ್ಟಿದೆ. ಮತ್ತೆ ಮೂರು ತಟ್ಟಿದೆ. ಹೊರಗಿನವರು ನಿಲ್ಲಿಸಲಿಲ್ಲ. ಕೋಪದಿಂದ ಹೊಡೆದ ಹಾಗೂ ಇರಲಿಲ್ಲ ಅಕ್ಕ, ನನಗೆ ಹೆದರಿಕೆ ಆದದ್ದೇ ಅದಕ್ಕೆ. ದಿನಾ ಹೊಡೆಯುವ ಹಾಗೆ, ನೆಟ್ಟಗೆ, ಸಾಲಾಗಿ, ಚೆನ್ನಾಗಿಯೇ ಹೊಡೆಯುತ್ತಿದ್ದರು.

ಪತ್ರ ತಡವಾಯಿತು, ಬೈಯಬೇಡ. ನಿನ್ನ ಪತ್ರ ಬಂದ ದಿನವೇ ಬರೆಯಲು ಕೂತಿದ್ದೆ. ನನ್ನ ಬರವಣಿಗೆ ನಿನಗೆ ಗೊತ್ತಲ್ಲ, ಆರನೇ ಕ್ಲಾಸಿನಲ್ಲಿ ಬಿಟ್ಟಲ್ಲೇ ನಿಂತಿದೆ. ಬರೆಯುವುದು, ಇದನ್ನು ಓದಿ ಅಕ್ಕ ಏನಂದುಕೊಳ್ಳುತ್ತಾಳೋ ಎಂದು ಹರಿಯುವುದು, ಹೀಗೇ ಆಯಿತು. ಫೋನು ಮಾಡೋಣ ಎಂದರೆ ಇಬ್ಬರದೂ ರಿವೆಟ್ ಕಿವಿ. ಹಿಂದಿನ ಸಲ ನೀನು ಫೋನು ಮಾಡಿದಾಗ ನಾನು ಹುಷಾರಾಗಿದ್ದೀಯಾ ಎಂದರೆ ನೀನು ಬಸ್ಸಿನ ಹೊತ್ತು ಹೇಳಿದೆ.

ನಿನ್ನ ತಮ್ಮನ ಹೆಂಡತಿ ಪತ್ರ ಓದಿ ಹೇಳುತ್ತಾಳೆ ಎಂದು ನೀನು ಬರೆದಿದ್ದೆ. ಓದುವ ತಂಗೀ, ನಿನಗೆ ಈ ತಟ್ಟುವುದೆಲ್ಲ ತಿಳಿಯಲಿಕ್ಕಿಲ್ಲ, ಹೇಳುತ್ತೇನೆ ಕೇಳು. ತಗಡು ಕೂಡಿಸುವ ರಿವೆಟ್ ಮೊಳೆ ಹೊಡೆಯಲು ಇಬ್ಬರು ಬೇಕು. ನಿಮ್ಮ ಅತ್ತಿಗೆ ಹೊರಗೆ ರಿವೆಟ್ ಗನ್ನು ಹಿಡಿದು ಹೊಡೆಯುತ್ತಿದ್ದಳು. ನಾನು ಸಣ್ಣ ಮೈಯವಳು, ರೆಕ್ಕೆಯ ಒಳಗೆ ತೂರಿ, ರಿವೆಟ್ಟಿನ ಬಾಲಕ್ಕೆ ಉಕ್ಕಿನ ಗಟ್ಟಿ ಒತ್ತಿ ಹಿಡಿಯುತ್ತಿದ್ದೆ. ಮಧ್ಯೆ ತಗಡು. ಮುಖ ಕಾಣುವುದಿಲ್ಲ, ಆ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೆ ತಟ್ಟುವುದು. ನಾನು ಒಂದು ತಟ್ಟಿದರೆ ಇನ್ನೊಂದು ಏಟು ಹಾಕು. ಎರಡು ತಟ್ಟಿದರೆ ಚೆನ್ನಾಗಿದೆ, ಮುಂದಕ್ಕೆ ಹೋಗು. ಮೂರು ತಟ್ಟಿದರೆ ಕೆಟ್ಟಿದೆ, ನಿಲ್ಲಿಸು. ಇದು ಎಲ್ಲರದೂ. ನಿಮ್ಮ ಅತ್ತಿಗೆ ಮಾತ್ರ ಸಾಲು ಮುಗಿದ ಮೇಲೆ ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ಒಂದು ತಟ್ಟುತ್ತಿದ್ದಳು. 'ಹೊರಗೆ ಬಾರೇ' ಅಂತ. ಅದು ಬೇರೆ ಯಾರೂ ಮಾಡುವುದಿಲ್ಲ.

ಅಕ್ಕ, ಆ ಒಂದು ತಟ್ಟು ಇಲ್ಲದೆ ನಾನು ಏನು ಮಾಡಿಕೊಂಡೆ ಕೇಳು. ನಗಬೇಡ. ನಿನ್ನ ಜಾಗಕ್ಕೆ ಪೇಂಟ್ ಶೆಡ್ಡಿನಿಂದ ಒಬ್ಬನನ್ನು ಹಾಕಿದ್ದಾರೆ. ಪೇಂಟ್ ಶೆಡ್ಡು ಮುಚ್ಚಿದರು. ಎಲ್ಲರೂ ಅವನನ್ನು ಉದ್ದಣ್ಣ ಅನ್ನುತ್ತಾರೆ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಕೆಟ್ಟವನಲ್ಲ. ನನಗಿಂತ ಹೆಚ್ಚು ಹೆದರಿದವನನ್ನು ನಾನು ನೋಡಿದ್ದು ಇವನನ್ನೇ. ಅವತ್ತು ಸಾಲು ಮುಗಿಯಿತು, ಗನ್ನಿನ ಸದ್ದು ನಿಂತಿತು. ನಾನು ಒಳಗೇ ಮಲಗಿ ಕಾದೆ. ಗೆಣ್ಣು ತಟ್ಟುವುದಕ್ಕೆ ಕಾಯುತ್ತಿದ್ದೇನೆ ಎನ್ನುವುದು ನನಗೇ ಗೊತ್ತಾಗಲಿಲ್ಲ. ಸುಮಾರು ಹೊತ್ತಾಯಿತು. ಕೊನೆಗೆ ತೆವಳಿ ಹೊರಗೆ ಬಂದರೆ ಇಡೀ ಶೆಡ್ಡಿನಲ್ಲಿ ಒಂದು ನರಪಿಳ್ಳೆ ಇಲ್ಲ! ಗನ್ನುಗಳು ಮೇಜಿನ ಮೇಲೆ ಹಾಗೇ ಬಿದ್ದಿವೆ. ಯಾರದೋ ಚಹಾ ಆರುತ್ತಿದೆ. ನನ್ನ ಬುದ್ಧಿ ಎಲ್ಲಿಗೆ ಓಡಿತು ಹೇಳಲಾ? ಎಲ್ಲರನ್ನೂ ಕೆಲಸದಿಂದ ತೆಗೆದು ಒಳಗಿದ್ದ ನನ್ನೊಬ್ಬಳನ್ನು ಮರೆತಿದ್ದಾರೆ ಎಂದುಕೊಂಡೆ. ಬಾಲವಿಲ್ಲದ ವಿಮಾನದ ಪಕ್ಕ ಗಟ್ಟಿ ಹಿಡಿದುಕೊಂಡು ನಿಂತೇ ಇದ್ದೆ.

ಎಲ್ಲರೂ ಹೊಸ ದೊಡ್ಡವರ ಭಾಷಣಕ್ಕೆ ಹೋಗಿದ್ದರು. ಕ್ರೇನು ಓಡಿಸುವವಳು ಮೊದಲು ವಾಪಸು ಬಂದಳು.

"ಎಲ್ಲೇ ಹೋಗಿದ್ದೆ? ದೊಡ್ಡವರು ಮಾತಾಡಿದ್ರು."

"ಏನಂದ್ರು?"

"ನಾವೆಲ್ಲ ಒಂದೇ ಮನೆಯವರು ಅಂದ್ರು."

"ಅಂದ್ರೆ?"

"ಅಂದ್ರೆ ಏನು, ಇನ್ನೊಂದು ಪಟ್ಟಿ ಬರುತ್ತೆ."

ಹಿಂದಿನ ಪಟ್ಟಿಯಲ್ಲಿ ನಿನ್ನನ್ನು ತೆಗೆದ ಮೇಲೆ ಇವರು ಎರಡನೆಯ ದೊಡ್ಡವರು. ಹೆಸರು ಬಾಯಿಗೆ ಕೂರುವಷ್ಟರಲ್ಲಿ ಆಸಾಮಿ ಬದಲು. ಬೋರ್ಡು ಬರೆಯುವವನು ಈಗ ಹೆಸರನ್ನು ಸೀಮೆಸುಣ್ಣದಲ್ಲೇ ಬರೆಯುತ್ತೇನೆ ಎಂದನಂತೆ. ಒಂದು ದಿನ ಈ ದೊಡ್ಡವರು ನಮ್ಮ ರೆಕ್ಕೆಯ ಹತ್ತಿರವೂ ಬಂದರು. ನಾನು ಒಳಗಿದ್ದೆ, ಅವರ ಶೂ ಮಾತ್ರ ಕಾಣಿಸಿತು, ಒಂದು ಗೀರು ಇಲ್ಲ. "ಒಳಗೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಇದ್ದೇನೆ ಅಂದರೆ ಲೆಕ್ಕಕ್ಕೆ ಹಿಡಿದು ತೆಗೆಯುತ್ತಾರೋ, ಇಲ್ಲ ಅಂದರೆ ಇಲ್ಲದವಳು ಎಂದೇ ತೆಗೆಯುತ್ತಾರೋ. ಅಭ್ಯಾಸ ನೋಡು, ಕೈ ತಾನಾಗಿಯೇ ಎರಡು ತಟ್ಟಿತು. "ಏನದು ಸದ್ದು?" ಎಂದರು. ನಮ್ಮ ಸೂಪರ್‌ವೈಸರ್ ಗಡಿಯಾರ ಇದ್ದಾರಲ್ಲ, "ಏನಿಲ್ಲ ಸಾರ್, ತಗಡು ಬಿಸಿಗೆ ಹಿಗ್ಗುತ್ತೆ" ಎಂದು ಅವರನ್ನು ಮುಂದಕ್ಕೆ ಕರೆದುಕೊಂಡು ಹೋದರು. ಈಗ ಕ್ರೇನಿನವಳು ನನ್ನನ್ನು ಕಂಡರೆ "ತಗಡಮ್ಮಾ, ಹಿಗ್ಗಿದ್ಯಾ?" ಎಂದು ಕೇಳುತ್ತಾಳೆ. ನಾನೂ ನಗುತ್ತೇನೆ.

ಈಗ ಮುಖ್ಯ ವಿಷಯ. ಹೊಸ ಪಟ್ಟಿಗೆ ಹೊಸ ನಿಯಮ. ರಿವೆಟ್ಟಿನವರು ಜೋಡಿ ಜೋಡಿಯಾಗಿ ಪರೀಕ್ಷೆ ಕೊಡಬೇಕು, ರೆಕ್ಕೆಯ ಒಂದು ತಗಡಿಗೆ ರಿವೆಟ್ ಹಾಕಿ ತೋರಿಸಬೇಕು. ಎರಡು ಸಲ ಕೆಟ್ಟರೆ ಜೋಡಿಗೆ ಜೋಡಿಯೇ ಮನೆಗೆ. ನಾವು ಒಂದು ಸಲ ಕೆಟ್ಟಾಯಿತು. ನಾನು ಗಟ್ಟಿ ಇಡುವ ಮೊದಲೇ ಅವನು ಗನ್ನು ಒತ್ತಿದ, ತಗಡು ತಟ್ಟೆಯ ಹಾಗೆ ಗುಳಿ ಬಿತ್ತು. ಅವನಿಗೆ ತಟ್ಟುವುದಕ್ಕೆ ಕಾದು ಗೊತ್ತಿಲ್ಲ. ಪೇಂಟು ಹೊಡೆಯುವಾಗ ತಗಡಿನ ಆ ಕಡೆ ಯಾರೂ ಇರುವುದಿಲ್ಲವಲ್ಲ. ಬುಧವಾರ ಎರಡನೆಯ ಪರೀಕ್ಷೆ.

ಅದಕ್ಕೇ ಧೈರ್ಯ ಮಾಡಿ ಗಡಿಯಾರದ ಹತ್ತಿರ ಹೋದೆ. ನಾನು! ನೀನು ನಂಬುವುದಿಲ್ಲ. ನಮ್ಮ ಅಕ್ಕನನ್ನು ವಾಪಸು ಕರೆಸಿ, ಅವಳು ಹೊರಗಿದ್ದರೆ ನಾನು ಕಣ್ಣು ಮುಚ್ಚಿ ಗಟ್ಟಿ ಹಿಡಿಯುತ್ತೇನೆ ಎಂದೆ. ನೀನು ಹೋಗುವ ದಿನ ಗೇಟಿನಲ್ಲಿ ನನಗೆ ಹೇಳಿದ್ದನ್ನೂ ಅವರಿಗೆ ಹಾಗೇ ಹೇಳಿದೆ: "ಕರೀಲಿ ನೋಡು, ಚಪ್ಪಲಿ ಹಾಕ್ಕೊಳ್ಳೋಕೂ ನಿಲ್ಲಲ್ಲ, ಓಡಿ ಬರ್ತೀನಿ." ಗಡಿಯಾರ ಯಾವಾಗಿನ ಹಾಗೆ ಕೈಗಡಿಯಾರ ನೋಡಿಕೊಂಡರು, ನನ್ನನ್ನು ನೋಡಿದರು. ಅವರು ಏನಂದರು ಎನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗ ಬೇಡ.

ನಿನ್ನ ರೂಮಿಗೆ ಬೇರೆಯವರು ಬಂದರು. ಒಬ್ಬ ಗಂಡಸು, ಬಸ್ಸಿನ ಆಫೀಸಿನಲ್ಲಿ ಟಿಕೆಟ್ ಕೊಡುವವನು. ಮಲಗುವ ಮುಂಚೆ ನಾವು ಗೋಡೆಗೆ ಎರಡು ತಟ್ಟಿಕೊಳ್ಳುತ್ತಿದ್ದೆವಲ್ಲ, ಅವನು ಬಂದ ಮೊದಲ ವಾರ ನಾನು ಮರೆತು ತಟ್ಟಿಬಿಟ್ಟೆ. ಪಾಪ, ಎದ್ದು ಬಂದು ಬಾಗಿಲು ಬಡಿದು, "ಗೋಡೆಗೆ ಮೊಳೆ ಹೊಡೀತಿದ್ದೀರಾ ಅಮ್ಮಾ? ಮನೆ ಓನರಿಗೆ ಹೇಳಿದ್ದೀರಾ?" ಎಂದ. ಇಲ್ಲಪ್ಪ, ಹೊಡೆಯುವುದಿಲ್ಲ ಎಂದೆ. ಆಮೇಲೆ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದುಕೊಂಡೆ. ಈ ಗೋಡೆಯ ಆಚೆ ಬರೀ ಮೆಟ್ಟಿಲು.

ಉಳಿದದ್ದು ಪರೀಕ್ಷೆ ಆದ ಮೇಲೆ ಬರೆಯುತ್ತೇನೆ.

ಗುರುವಾರ, ಸಂಜೆ

ಅಕ್ಕ, ಪಾಸಾದೆವು.

ಸೋಮವಾರದಿಂದ ಕ್ಯಾಂಟೀನಿನಲ್ಲಿ ಉದ್ದಣ್ಣನನ್ನು ಎದುರಿಗೆ ಕೂರಿಸಿಕೊಂಡು ಊಟದ ಡಬ್ಬಿಯ ಮುಚ್ಚಳದ ಮೇಲೆ ತಟ್ಟಿ ಕಲಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಹೇಳಬೇಕು. ಒಂದು ತಟ್ಟಿದರೆ "ಇನ್ನೊಂದು ಏಟು", ಎರಡಕ್ಕೆ "ಮುಂದಕ್ಕೆ." ಮೂರು ತಟ್ಟಿದಾಗಲೆಲ್ಲ "ಅಯ್ಯೋ, ಹೋಯ್ತು ಕೆಲಸ!" ಎನ್ನುತ್ತಿದ್ದ. ಪಕ್ಕದ ಮೇಜಿನವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದರು. ಮಾತಿನ ಮಧ್ಯೆ ನಿನ್ನ ಗೆಣ್ಣಿನ ತಟ್ಟನ್ನೂ ಅವನಿಗೆ ಹೇಳಿದೆ. ಕಲಿಸಲಿಲ್ಲ, ಸುಮ್ಮನೆ ನಿನ್ನ ವಿಷಯ ಬಂತು ಎಂದು ಹೇಳಿದೆ ಅಷ್ಟೆ.

ಬುಧವಾರ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನಿಂತಿದ್ದರು. ಒಳಗೆ ನನ್ನ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಉದ್ದಣ್ಣ ಕಾದ, ಪ್ರತಿ ಸಲವೂ ಕಾದ. ನಾನು ತಟ್ಟಿದ ಮೇಲೇ ಮುಂದಿನದಕ್ಕೆ ಹೋದ. ಸಾಲು ಮುಗಿಯಿತು. ಸದ್ದು ನಿಂತಿತು. ಹೊರಗಿನಿಂದ ಗೆಣ್ಣಿನಲ್ಲಿ ಒಂದು ತಟ್ಟು ಬಿತ್ತು.

ಏನು ಹೇಳಲಿ ಅಕ್ಕ. ಅವನು ಒಳ್ಳೆಯದಕ್ಕೇ ತಟ್ಟಿದ್ದು, ನನಗೆ ಖುಷಿಯಾಗಲಿ ಎಂದೇ. ಕಿಂಡಿಯಿಂದ ತಲೆ ಹೊರಗೆ ಹಾಕುವಾಗ, ಯಾವಾಗಲೂ ನಿನ್ನ ಮುಖ ಇರುತ್ತಿದ್ದ ಎತ್ತರಕ್ಕೆ ನೋಡಿದೆ. ಅಲ್ಲಿ ಅವನ ಬೆಲ್ಟು ಇತ್ತು. "ಸರಿಯಾಗಿ ತಟ್ಟಿದ್ನಾ?" ಎಂದು ಕೇಳಿದ. ಸರಿಯಾಗಿತ್ತಪ್ಪ ಎಂದೆ. ಇನ್ಸ್‌ಪೆಕ್ಟರ್ ಎರಡು ಹೆಸರಿಗೂ ಪಾಸು ಎಂದು ಗೀಟು ಎಳೆದರು, ಇನ್ನು ನಾವಿಬ್ಬರೂ ಜೋಡಿ ಎಂದು ಪಕ್ಕಾ ಆಯಿತು. ಈ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಎಲ್ಲರೂ ಬೆನ್ನು ತಟ್ಟಿದರು, ಕ್ರೇನಿನವಳು ಚಹಾ ತಂದುಕೊಟ್ಟಳು. ರೂಮಿಗೆ ಬಂದು ಬೀಗ ತೆಗೆದಾಗ, ಪಾಸಾದೆ ಎಂದು ಹೇಳಲು ಯಾರಿದ್ದಾರೆ ಎನಿಸಿತು. ಮೆಟ್ಟಿಲಿನ ಕಡೆಯ ಗೋಡೆಗೇ ಎರಡು ತಟ್ಟಿ ಮಲಗಿದೆ.

ಬಿಸ್ಕತ್ತಿನ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಕೆಲಸ ಹಗುರ ಎಂದು ನೀನು ಬರೆದಿದ್ದೆ. ಸದ್ದೇ ಇಲ್ಲ, ಮಕ್ಕಳು ಮಲಗಿದಾಗ ಉಸಿರಾಡುವುದೂ ಕೇಳಿಸುತ್ತಿದೆ, ಕಿವಿ ವಾಪಸು ಬಂದ ಹಾಗಿದೆ ಎಂದೂ ಬರೆದಿದ್ದೆ. ಅದನ್ನು ಓದಿ ಸಂತೋಷವಾಯಿತು. ನಿಜವಾಗಿಯೂ ಆಯಿತು. ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ತಮ್ಮನಿಗೆ, ಅವನ ಹೆಂಡತಿಗೆ ನನ್ನ ನಮಸ್ಕಾರ, ಮಕ್ಕಳು ಚೆನ್ನಾಗಿ ಓದಲಿ, ಯಾವ ಪಟ್ಟಿಯಲ್ಲೂ ಅವರ ಹೆಸರು ಬಾರದಿರಲಿ ಎಂದು ಹರಸುತ್ತೇನೆ. ನೀನು ನೂರು ಕಾಲ ಗಟ್ಟಿಯಾಗಿರು.

ನಿನ್ನ
ಪುಕ್ಕಲಿ

ಮತ್ತೆ: ಅಕ್ಕ, ಇಲ್ಲಿಂದ ಮುಂದಿನದನ್ನು ತಮ್ಮನ ಹೆಂಡತಿಯ ಹತ್ತಿರ ಓದಿಸಬೇಡ. ನೀನೇ ಅಕ್ಷರ ಕೂಡಿಸಿಕೊಂಡು ಓದಲಿ ಎಂದು ದಪ್ಪಗೆ ಬರೆದಿದ್ದೇನೆ.

ನಾನು ಕೇಳಿದಾಗ ಗಡಿಯಾರ ಹೀಗೆಂದರು: "ಉದ್ದಣ್ಣನನ್ನ ಹಾಕೋಕೆ ಮುಂಚೆ ಫೋನು ಮಾಡಿದ್ದೇ ನಿಮ್ಮ ಅಕ್ಕನಿಗಮ್ಮ. ಬರಲ್ಲ ಅಂದ್ರು." ನಾನು ಇರಲಿಕ್ಕಿಲ್ಲ ಎಂದೆ. ಕಿವಿಗೆ ಸರಿಯಾಗಿ ಬಿದ್ದಿರಲಿಕ್ಕಿಲ್ಲ ಎಂದೂ ಹೇಳಿದೆ. ಎರಡು ಸಲ ಬಿಡಿಸಿ ಹೇಳಿದರಂತೆ, ಅದೇ ಜಾಗ, ಅದೇ ಕೆಲಸ ಅಂತ. ಫೋನಿನಲ್ಲಿದ್ದ ಹೆಂಗಸು "ನನಗೆ ಸಾಕಾಗಿದೆ ಸಾರ್, ಬೇರೆಯವರನ್ನ ನೋಡ್ಕೊಳ್ಳಿ" ಎಂದರಂತೆ. ಇಡುವ ಮೊದಲು "ನಮ್ಮ ಪುಕ್ಕಲಿ ಊಟಗೀಟ ಸರಿಯಾಗಿ ಮಾಡ್ತಾಳಾ?" ಎಂದು ಕೇಳಿದರಂತೆ.

ಆ ಫೋನು ಆದ ಮೇಲೆಯೇ ನಿನ್ನ ಪತ್ರ ಬಂದಿರುವುದು. ಅದನ್ನು ಮತ್ತೆ ಮತ್ತೆ ಓದಿದೆ. ಲೇಬಲ್ ಇದೆ, ಮಕ್ಕಳ ಉಸಿರಿದೆ, ಫೋನಿನ ಮಾತು ಎಲ್ಲೂ ಇಲ್ಲ. ಅದಕ್ಕೇ ನನಗೆ ಅನುಮಾನ. ನಿನಗೆ ಬಂದಿದ್ದರೆ ನನಗೆ ಹೇಳದೆ ಇರುತ್ತಿದ್ದೆಯಾ? ಪುಕ್ಕಲಿ ಎಂದು ಕರೆಸಿಕೊಳ್ಳುವವರು ಲೋಕದಲ್ಲಿ ಎಷ್ಟೋ ಜನ ಇರಬಹುದು.

ಇನ್ನೂ ಒಂದು ಜೋಡಿಗೆ ಹೊರಗೆ ಹೊಡೆಯುವವರು ಬೇಕಂತೆ, ತಿಂಗಳ ಕೊನೆಯವರೆಗೆ ನೋಡುತ್ತಾರಂತೆ. ನನ್ನ ಜೋಡಿ ಅಲ್ಲ. ಆದರೂ ಅದೇ ಶೆಡ್ಡು. ಪತ್ರ ಬರೆಯುವುದು ಬೇಸರವಾದರೆ ಒಂದು ಖಾಲಿ ಕಾರ್ಡಿನ ಮೇಲೆ ಚುಕ್ಕಿ ಇಟ್ಟು ಕಳಿಸು. ಎರಡಿದ್ದರೂ ತಿಳಿಯುತ್ತದೆ, ಮೂರಿದ್ದರೂ ತಿಳಿಯುತ್ತದೆ.

ಗಡಿಯಾರದ ಬಳಿ ಇರುವ ನಿನ್ನ ನಂಬರಿನ ಕೊನೆಯಲ್ಲಿ ಒಂಬತ್ತು, ಆಮೇಲೆ ಆರು. ನನಗೆ ನೀನು ಹೇಳಿದ್ದು ಆರು, ಆಮೇಲೆ ಒಂಬತ್ತು ಎಂದು ನೆನಪು. ನನ್ನ ನೆನಪನ್ನು ನಂಬಬೇಡ. ಫೋನಿನ ಹಿಂದೆ ನಿನ್ನ ನಂಬರು ಬರೆದ ಚೀಟಿ ಅಂಟಿಸಿಕೊಂಡಿದ್ದೀಯಲ್ಲ, ಬೆಳಕಿಗೆ ಹಿಡಿದು ಆ ಎರಡು ಅಂಕಿಗಳನ್ನು ಇನ್ನೊಂದು ಸಲ ನೋಡು ಅಕ್ಕ.