ಊರಿಂದ ಊರಿಗೆ ಸಾಗಿದ ಹೆಸರು

ಫೋನಿನಲ್ಲಿ ದೂರು ಕೇಳುವ ಸೇವಾ ಕೇಂದ್ರಗಳಿಗೆ ಯಾವ ಊರು ಯೋಗ್ಯವೆಂದು ತೂಗಿ ನೋಡುವ ಕಚೇರಿಯ ಮುಖ್ಯಸ್ಥರೇ,

ನಮ್ಮ ಮನೆಯ ಹುಡುಗಿಗೆ ನೀವು ಮೆಚ್ಚಿದ ಕೇಂದ್ರವೊಂದು ತೊಡಿಸಿದ ಹೆಸರು ಈಗ ಬೇರೆ ಊರಿನಲ್ಲಿ ಇನ್ನೊಬ್ಬಳ ಬಾಯಲ್ಲಿ ಬದುಕಿದೆ. ಅದನ್ನು ಸಾಯಲು ಬಿಡಿ ಎಂದು ಕೇಳುವುದಕ್ಕೆ ಈ ಪತ್ರ. ನಾನು ಈವರೆಗೆ ಪತ್ರ ಬರೆದದ್ದೆಲ್ಲ ನೆಂಟರಿಗೆ. ನಡುವೆ ಸಲಿಗೆ ಇಣುಕಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹೋಲಿಕೆ ವರದಿಯನ್ನು ಗ್ರಂಥಾಲಯದಲ್ಲಿ ಕೂತು ಓದಿದೆ. ನಮ್ಮೂರು, ಆ ಊರು ಎರಡೂ ಸಂತೆಯ ದನಗಳ ಹಾಗೆ ಹಲ್ಲು ತೋರಿಸುತ್ತ ನಿಂತಿವೆ. ಬಾಡಿಗೆ ಎಲ್ಲಿ ಅಗ್ಗ, ಕರೆಂಟು ಎಲ್ಲಿ ಕೈಕೊಡುವುದಿಲ್ಲ, ಯಾರ ಮಾತು ಕೇಳಿದರೆ ಯಾವ ಊರಿನವರೆಂದು ತಿಳಿಯುವುದಿಲ್ಲ, ಎಲ್ಲಕ್ಕೂ ಅಂಕ. ಆ ಊರು ಗೆದ್ದಿತು, ಕೇಂದ್ರ ಅಲ್ಲಿಗೆ ಹೋಯಿತು. ಹೋಗಲಿ, ವ್ಯಾಪಾರ. ಆದರೆ ‘ಸ್ಥಳಾಂತರವು ಗ್ರಾಹಕರ ಗಮನಕ್ಕೇ ಬರಲಿಲ್ಲ’ ಎಂದು ಬೆನ್ನು ತಟ್ಟಿಕೊಂಡಿದ್ದೀರಲ್ಲ, ಹೇಗೆ ಬರಲಿಲ್ಲ ಗೊತ್ತೇ? ಕುರ್ಚಿ, ಕಂಪ್ಯೂಟರಿನ ಜೊತೆಗೆ, ಫೋನಿನಲ್ಲಿ ಹೇಳಿಕೊಳ್ಳಲೆಂದು ಹುಡುಗಿಯರಿಗೆ ಕೊಟ್ಟಿದ್ದ ಕೆಲಸದ ಹೆಸರುಗಳನ್ನೂ ಸಾಗಿಸಿದರು. ಗ್ರಾಹಕರಿಗೆ ಪರಿಚಿತವಾದ ಹೆಸರು ಕೆಡಬಾರದಂತೆ.

ನನ್ನ ತಮ್ಮನ ಮಗಳು ಆ ಕೇಂದ್ರದಲ್ಲಿ ಫ್ರಿಜ್ ಕೆಟ್ಟವರ ದೂರು ಕೇಳುತ್ತಿದ್ದಳು. ಅವಳ ಕೆಲಸದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುತ್ತಾ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ನನ್ನದು, ಪಕ್ಕದ ಕೋಣೆಯಿಂದ ಅವಳು “ಏನು?” ಎಂದುಬಿಡುತ್ತಾಳೆ. ಅವಳ ಸ್ವಂತ ಹೆಸರು ಹಿಡಿದು ತಾಯಿ ಕರೆದರೆ ಮಾತ್ರ ಉತ್ತರವಿಲ್ಲ. “ಏನೇ, ಕಿವಿ ಮಾರ್ಕೊಂಡ್ಯಾ?” ಎಂದು ತಾಯಿ ರೇಗುತ್ತಾಳೆ. “ಇಬ್ಬರು ಹೆಣ್ಮಕ್ಳು ಕಣೋ ಅಣ್ಣ, ಊಟಕ್ಕೆ ಬರೋಳು ಒಬ್ಬಳೇ,” ಎಂದು ತಮ್ಮ ನಗುತ್ತಾನೆ.

ಮೊನ್ನೆ ನಮ್ಮದೇ ಫ್ರಿಜ್ ಕೆಟ್ಟಿತು. ನಮ್ಮವಳೇ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಆ ಕೇಂದ್ರಕ್ಕೆ ಫೋನು ಮಾಡಿದಳು. ಅತ್ತಲಿನ ಹೆಣ್ಣುದನಿ ನಮಸ್ಕಾರ ಹೇಳಿ, ತನ್ನ ಹೆಸರೆಂದು ಆ ಹೆಸರನ್ನೇ ಹೇಳಿತು. ನಮ್ಮ ಹುಡುಗಿಯ ಮುಖ ಸುಣ್ಣದಂತಾಯಿತು.

“ಅದು ನನ್ನ ಹೆಸರು. ನಾನೂ ಅಲ್ಲೇ ಇದ್ದೆ, ಮೊದಲಿನ ಊರಲ್ಲಿ.”

ಅತ್ತಲಿನ ದನಿ ಪಿಸುಮಾತಿಗೆ ಇಳಿಯಿತು. “ಅಯ್ಯೋ, ನೀವೇನಾ ಅಕ್ಕಾ? ನಿಮ್ಮನ್ನ ಕೇಳ್ಕೊಂಡು ಒಬ್ಬ ಅಜ್ಜ ಫೋನ್ ಮಾಡ್ತಾನೇ ಇರ್ತಾರೆ. ‘ದನಿ ಯಾಕಮ್ಮ ಹೀಗಾಯ್ತು’ ಅಂತಾರೆ. ನೆಗಡಿ ಅಂತ ಹೇಳ್ತಾ ಬಂದಿದೀನಿ.”

ಗಮನಕ್ಕೇ ಬರಲಿಲ್ಲವಂತೆ! ಆ ಅಜ್ಜನಿಗೆ ನಿಮ್ಮ ವರದಿಯಲ್ಲಿ ಎಷ್ಟು ಅಂಕ, ಮಾನ್ಯರೇ?

“ಅಕ್ಕಾ, ನಿಮ್ಮ ನಿಜವಾದ ಹೆಸರೇನು?” ಎಂದಳು ಆ ಹುಡುಗಿ. ನಮ್ಮವಳು ಬಾಯಿ ತೆರೆದು, ಮತ್ತೆ ಅದೇ ಹೆಸರನ್ನು ಹೇಳಿದಳು. ತಮಾಷೆಯೆಂದು ಅತ್ತ ಅವಳು ನಕ್ಕಳು. ಇತ್ತ ತಾಯಿ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು.

ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಂಗಡಿ ಮುಚ್ಚಿದರೆ ಹಲಗೆಯನ್ನು ಕೆರೆದು ಇನ್ನೊಬ್ಬರಿಗೆ ಕೊಡುತ್ತೇನೆ, ಹಳೆಯ ಹೆಸರಿನ ಸಮೇತ ಕೊಡುವುದಿಲ್ಲ. ಇಷ್ಟು ಮರ್ಯಾದೆ ಒಂದು ಹಲಗೆಗೆ ಇರುವಾಗ, ಮನುಷ್ಯರಿಗೆ ಏಕಿಲ್ಲ?

ಈಗ ನಿಮ್ಮ ಹೊಸ ವರದಿಯಲ್ಲಿ ನಮ್ಮೂರು ಗೆದ್ದಿದೆ. ಪಳಗಿದವರು ಕಡಿಮೆ ಸಂಬಳಕ್ಕೆ ಸಿಗುತ್ತಾರಂತೆ. ಕೇಂದ್ರ ವಾಪಸು ಬರುತ್ತಿದೆ. ‘ಅದೇ ಕುರ್ಚಿ, ಅದೇ ಹೆಸರು, ಬರುತ್ತೀರಾ?’ ಎಂದು ನಮ್ಮವಳಿಗೆ ಕರೆ ಬಂದಿದೆ. ಸೋಮವಾರ ಉತ್ತರ ಹೇಳಬೇಕು. ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಿಂದ. ಬೇಡವೆನ್ನಲು ನನಗೆ ಬಾಯಿಲ್ಲ. ಆಗ ಆ ಊರಿನಲ್ಲಿ ಕೆಲಸ ಕಳೆದುಕೊಳ್ಳುವ ಹುಡುಗಿಯ ಮನೆಯಲ್ಲೂ ಒಬ್ಬ ತಾಯಿ ಕರೆಯಲು ಶುರುಮಾಡುತ್ತಾಳೆ, ಉತ್ತರ ಬರುವುದಿಲ್ಲ.

ಆದ್ದರಿಂದ ಒತ್ತಾಯಿಸಿ ಕೇಳುತ್ತೇನೆ: ಯಾವ ಊರಿಗೆ ಬೇಕಾದರೂ ಅಂಕ ಕೊಡಿ, ಆದರೆ ಹೆಸರು ಕಿತ್ತುಕೊಳ್ಳುವ ಕೇಂದ್ರವನ್ನು ಎಲ್ಲಿಗೂ ಶಿಫಾರಸು ಮಾಡಬೇಡಿ. ನಮ್ಮವಳು ತನ್ನ ಸ್ವಂತ ಹೆಸರಿನಲ್ಲಿ ಫೋನೆತ್ತಲಿ. ಆ ಅಜ್ಜನಿಗೂ ಅವಳೇ ನಿಜ ಹೇಳಲಿ.

ಸೋಮವಾರದೊಳಗೆ ತಿಳಿಸಿ. ಅಲ್ಲಿಯವರೆಗೆ ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು, ಕೋಣೆಗೆ ಹೋಗಿ ಭುಜ ಮುಟ್ಟಿ ಊಟಕ್ಕೆ ಎಬ್ಬಿಸುತ್ತಿದ್ದೇವೆ.

ಇಂತಿ,
ಊರವರ ಹೆಸರನ್ನೆಲ್ಲ ಬರೆದು, ಮನೆಯದೊಂದನ್ನು ಉಳಿಸಿಕೊಳ್ಳಲಾಗದ
ಒಬ್ಬ ದೊಡ್ಡಪ್ಪ